ಬಿಸಾಡಿದ್ದು

ಟ್ಯಾಂಪಾದ ಆಸ್ಪತ್ರೆ, ಏಳನೇ ಮಹಡಿ. ಕಿಟಕಿಯಲ್ಲಿ ಕಡಲಿಲ್ಲ,
ಕಾರು ನಿಲ್ಲಿಸುವ ಕಟ್ಟಡದ ಬೋಳು ಬೆನ್ನು.
ಮತ್ತೆ ನಿನಗೊಂದು ಕೊಳವೆ, ಸಕೆಲ್ಲಾರಿ.
ಮೊದಲಿನದು ಗಾಳಿಯದು. ದೋಣಿಯಂಚಲ್ಲಿ ನಿಂತು
ನಾನು ಸುರುಳಿ ಬಿಚ್ಚಿದಷ್ಟೂ
ಆರು ಮಾರು ಆಳದಲ್ಲಿ ನಿನಗೆ ಉಸಿರು.
ಹೆಂಗಸು ದೋಣಿ ಹತ್ತಬಾರದೆಂದ ಗಂಡಸರು
ಅಪ್ಪ ಸತ್ತ ವರ್ಷ ಸುಮ್ಮನಾದರು;
ಕೊಳವೆ ಹಿಡಿಯಲು ಬೇರೆ ಕೈ ಇರಲಿಲ್ಲ.
ಒಂದು ಜಗ್ಗಿದರೆ, ಇದ್ದೇನೆ. ಎರಡು ಜಗ್ಗಿದರೆ, ಬುಟ್ಟಿ ಎತ್ತು.
ಮೂರಕ್ಕೆ ಏನರ್ಥವೆಂದು ಇಬ್ಬರಿಗೂ ಗೊತ್ತಿತ್ತು,
ಇಬ್ಬರೂ ಬಾಯಿ ಬಿಡಲಿಲ್ಲ.

ಬುಟ್ಟಿ ಸುರಿದರೆ ಕಪ್ಪು, ಲೋಳೆ, ನಾತ.
ಒದ್ದೆ ಗೋಣಿ ಹೊದಿಸಿ ಕೊಳೆಸಿ, ಚರ್ಮ ಹೆರೆದು,
ಹಿಂಡಿ, ದಾರಕ್ಕೆ ಪೋಣಿಸಿ, ಹರಾಜಿಗೆ.
ಉಣ್ಣೆಸ್ಪಂಜಿಗೆ ಒಳ್ಳೆ ಬೆಲೆ, ಹಳದಿಗೆ ಅರ್ಧ,
ಹುಲ್ಲುಸ್ಪಂಜಿಗೆ ಚಿಲ್ಲರೆ.
ಕುರಿ ತುಪ್ಪಟದ ಕತ್ತರಿಯಲ್ಲಿ ನಾನು ದುಂಡಗೆ ಮಾಡಿದವು
ಯಾವ ಊರಿನ ಎಳೆಗೂಸುಗಳ ಬೆನ್ನುಜ್ಜಿದವೋ.

ಒಮ್ಮೊಮ್ಮೆ ತಪ್ಪಿ ಅದೊಂದು ಬರುತ್ತಿತ್ತು:
ಮರಳಲ್ಲಿ ಕುತ್ತಿಗೆವರೆಗೆ ಹೂತು ಕೂರುವ ಬೂದು ಮುದ್ದೆ,
ಸೀಳಿದರೆ ಹಳದಿ, ಮೈಯೊಳಗೆ ಗಾಜಿನ ಸೂಜಿ.
ಮೀಯಲೂ ಬಾರದು, ಮಾರಲೂ ಬಾರದು.
ಅದಕ್ಕೆ ಹೆಸರು ಕೂಡ ಇಟ್ಟಿರಲಿಲ್ಲ ನಾವು.
ಥೂ ಎಂದು ಎತ್ತಿ, ಥೂ ಎಂದು ಎಸೆಯುತ್ತಿದ್ದೆ.

ಗೆರ್ಲೀನ್ ಬಂದಳು, ಹೈಟಿಯ ನರ್ಸು.
ಚೀಲ ತೂಗುವ ಮುನ್ನ ಕಾಗದ ಚಾಚಿದಳು: ಹೆಸರು ಬರೆಯಿರಿ.
ದಿನಕ್ಕೆರಡು ಸಲ ಅದೇ ಹೆಸರು. ಅಕ್ಷರ ಸೊಟ್ಟಗಾದರೆ
ಮದ್ದು ಮಿದುಳಿಗೆ ಏರಿದೆಯೆಂದು ಲೆಕ್ಕ; ನಿಲ್ಲಿಸುತ್ತಾರೆ.
ಇವನ ಅಕ್ಷರ ನೆಟ್ಟಗಿದ್ದದ್ದು ಯಾವಾಗ, ಎಂದೆ.
ನಕ್ಕಳು. ನಿನ್ನ ಕಣ್ಣಿಗೆ ಹನಿ ಬಿಟ್ಟಳು.
ನಮ್ಮ ಕಸುಬು ಕೇಳಿ ತಿಳಿದು, ಕೈ ತಡೆದು ಹೇಳಿದಳು:
ಹೋದ ತಿಂಗಳ ಕೆಂಪು ಮದ್ದು ಮಣ್ಣಿನ ಸೂಕ್ಷ್ಮಜೀವಿಯದು,
ಈ ಬಣ್ಣವಿಲ್ಲದ್ದು ಕಡಲು ಕಲಿಸಿದ್ದು.
ಯಾರೋ ಒಂದು ಸ್ಪಂಜು ಕುದಿಸಿದರಂತೆ,
ಹರಳು ಕಟ್ಟಿತಂತೆ.
ಫೋನಿನಲ್ಲಿ ಚಿತ್ರ ತೋರಿಸಿದಳು.
ಬೂದು ಮುದ್ದೆ. ಮರಳು. ಹಳದಿ ಸೀಳು.

ಥೂ, ಅಂದೆ. ಥೂ, ಥೂ.
ಈ ಸಲದ್ದು ಬೇರೆ ಥೂ,
ತೊಟ್ಟಿಲ ಮೇಲೆ ಬಾಗಿ ನಮ್ಮಜ್ಜಿ
ದೃಷ್ಟಿ ತಾಗದಿರಲೆಂದು ಅನ್ನುತ್ತಿದ್ದಳಲ್ಲ, ಅದು.

ಕಣ್ಣು ಮುಚ್ಚಿಯೇ ನೀನು ಕೇಳಿದೆ:
ಈ ಒಂದು ಚೀಲಕ್ಕೆ ಎಷ್ಟು ಕೊಯ್ದರು?
ಒಂದೂ ಇಲ್ಲ, ಅಂದಳು. ಅದರ ಕೀಲಿಯ ಅಚ್ಚು ನೋಡಿ
ಕಾರ್ಖಾನೆಯಲ್ಲಿ ಬೇರೆ ಕೀಲಿ ಮಾಡುತ್ತಾರೆ.
ಹಾಗಾದರೆ ನಾನು ಯಾರಿಗೆ ಕೊಡಬೇಕು, ಎಂದೆ.
ನಲವತ್ತು ವರ್ಷ ಹರಾಜಿನಲ್ಲಿ ಪೈಸೆಗೆ ಪೈಸೆ ಕಾದಾಡಿದವನು,
ಸಾಲ ಇಟ್ಟುಕೊಂಡು ನಿದ್ದೆ ಬಾರದವನು.

ರಾತ್ರಿ ಕುರ್ಚಿಯಲ್ಲಿ ಕೂತು ನಾನು ಅದನ್ನೇ ನೆನೆದೆ.
ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ,
ಎದೆಯೂ ಇಲ್ಲ ಹೆದರಿ ಹೊಡೆದುಕೊಳ್ಳಲು.
ಕೂತಲ್ಲೇ ಕೂತು ಕಡಲನ್ನು ಒಳಗೆಳೆದು, ಸೋಸಿ,
ತಿಳಿಮಾಡಿ ಹೊರಗೆ ಬಿಡುತ್ತದೆ, ಹಗಲೂ ಇರುಳೂ.
ಅದರ ಅಡುಗೆಮನೆಯಲ್ಲಿ ಇನ್ನೂ ಏನೇನು ಕುದಿಯುತ್ತಿದೆಯೋ,
ಬಿಸಿಯೇರುತ್ತಿರುವ ಆ ನೀರಿನಲ್ಲಿ.
ನಾನೆಸೆದವು ಬಿದ್ದಲ್ಲಿ ಬೇರೂರಿದವೋ, ಇಲ್ಲವೋ.
ಯಾರೂ ತಲೆಕೆಳಗೆ ಬೀಳದಂತೆ ಎಸೆಯುವುದಿಲ್ಲ.

ಬೆಳಿಗ್ಗೆ ಗೆರ್ಲೀನ್ ಕಾಗದ ಹಿಡಿದು ಗಾಬರಿಯಾಗಿ ಬಂದಳು:
ಇವರು ಬರೆದದ್ದು ಇವರ ಹೆಸರಲ್ಲ.
ನೋಡಿದೆ. ಗ್ರೀಕಿನಲ್ಲಿ ಬರೆದಿದ್ದೆ, ಥೆಮೆಲಿನಾ.
ನನ್ನ ಹೆಸರು. ನನಗಿಂತ ಮುಂಚೆ ಅಜ್ಜಿಯ ಹೆಸರು.
ತಳಪಾಯ ಎಂದು ಅರ್ಥ.
ಕೆಳಗೆ ಒಂದು ಮುದ್ದೆ ಬೇರೆ ಬಿಡಿಸಿದ್ದೆ, ಅರ್ಧ ಮರಳಲ್ಲಿ.

ಅಕ್ಷರ ನೆಟ್ಟಗಿವೆ, ಅಂದೆ.
ಹಾಕಮ್ಮ, ಚೀಲ ಹಾಕು.